ಟೈಮರ್ ಓಡ್ತಾ ಇರುತ್ತೆ, ಕೆಲಸ ಮಾತ್ರ ಅಲ್ಲೇ ಇರುತ್ತೆ. ಮುಂದೂಡೋ ಚಟಕ್ಕೆ ನಿಜವಾಗಿ ಏನು ಮಾಡಬಹುದು?

ಡೊಂಬಿವಲಿ ಫಾಸ್ಟ್
ಎಲ್ಲರಿಗೂ ನಮಸ್ಕಾರ. ಹಗಲು ಫೋರ್ಟ್‌ನಲ್ಲಿ ಆಫೀಸು, ಸಂಜೆ ಎರಡು ಹೋಟೆಲಿನ ಲೆಕ್ಕ, ರಾತ್ರಿ ಸಿಎ ಇಂಟರ್ (ಲೆಕ್ಕಪರಿಶೋಧಕರ ಪರೀಕ್ಷೆಯ ಎರಡನೇ ಹಂತ) ಓದು. ಹೋಗಿ ಬರೋಕೆ ಮೂರು ಗಂಟೆ ಲೋಕಲ್ ರೈಲಿಗೇ ಖರ್ಚು. ಪುಸ್ತಕ ತೆರೆದ ಕೂಡ್ಲೇ ಮೇಜು ಒರೆಸಬೇಕು ಅನ್ಸುತ್ತೆ, ಆಮೇಲೆ ಫೋನು, ಆಮೇಲೆ "ನಾಳೆ ಬೆಳಿಗ್ಗೆ ಫ್ರೆಶ್ಶಾಗಿ". 25 ನಿಮಿಷದ ಟೈಮರ್ ಆ್ಯಪ್ ಹಾಕಿದ್ದೂ ಆಯ್ತು, ಉಪಯೋಗ ಇಲ್ಲ. ಜಿಎಸ್‌ಟಿ ರಿಟರ್ನ್ ಪ್ರತಿ ತಿಂಗಳು ಕೊನೇ ದಿನ, 20ನೇ ತಾರೀಕಿನ ರಾತ್ರಿಗೇ. ಗೊತ್ತಿರೋರು ಹೇಳಿ: ಎಲ್ಲಿಂದ ಶುರು ಮಾಡೋದು? ದಯವಿಟ್ಟು "ಮನಸ್ಸು ಮಾಡಿ" ಅಂತ ಬರೀಬೇಡಿ.

ಮಾಟುಂಗಾ ಡಿಕಾಕ್ಷನ್
ಮನಸ್ಸು ಮಾಡಿ.

ಮಾಟುಂಗಾ ಡಿಕಾಕ್ಷನ್
ಸರಿ ಸರಿ, ಹೊಡೀಬೇಡಿ. ಹೋಗ್ತೀನಿ.

ಕಲೀನಾ ಅಕ್ಕ
ಫಾಸ್ಟ್ ಅವರೇ, ಇದನ್ನು ಸೋಮಾರಿತನ ಅಂದ್ಕೊಂಡ್ರೆ ಪರಿಹಾರ ಸಿಗೋದಿಲ್ಲ. ಸೋಮಾರಿಗೆ ಆರಾಮಾಗಿ ನಿದ್ದೆ ಬರುತ್ತೆ, ಮುಂದೂಡೋನಿಗೆ ಬರಲ್ಲ. ಕೆಲಸ ನೆನಪಾದಾಗ ಒಳಗೆ ಒಂದು ಕಿರಿಕಿರಿ ಆಗುತ್ತಲ್ಲ, ಬೇಜಾರೋ, ತಪ್ಪಾದೀತು ಅನ್ನೋ ಭಯವೋ, "ಎಲ್ಲಿಂದ ಹಿಡೀಲಿ" ಅನ್ನೋ ಗೊಂದಲವೋ, ನಾವು ತಪ್ಪಿಸ್ಕೊಳ್ಳೋದು ಆ ಕಿರಿಕಿರಿಯಿಂದ. ಫೋನ್ ಕೈಗೆತ್ತಿಕೊಂಡ ಕ್ಷಣ ಅದು ಹೋಗುತ್ತೆ, ಹಾಗಾಗಿ ಮರುದಿನ ಕೈ ಮತ್ತೆ ಫೋನಿಗೇ ಹೋಗುತ್ತೆ. ಕೆನಡಾದ ಮನಶ್ಶಾಸ್ತ್ರಜ್ಞರಾದ ಟಿಮೊತಿ ಪಿಚಿಲ್ ಮತ್ತು ಫ್ಯೂಷಿಯಾ ಸಿರುವಾ ಇದನ್ನೇ ವರ್ಷಗಟ್ಟಲೆ ಹೇಳ್ಕೊಂಡು ಬಂದಿದ್ದಾರೆ: ಇದು ಸಮಯ ನಿರ್ವಹಣೆಗಿಂತ ಹೆಚ್ಚಾಗಿ ಮನಸ್ಥಿತಿ ನಿರ್ವಹಣೆಯ ಸಮಸ್ಯೆ.

ಅದಕ್ಕೇ ಟೈಮರ್ ನಿಮಗೆ ಕೆಲಸ ಮಾಡ್ತಿಲ್ಲ. ಅದು ಎಷ್ಟು ಹೊತ್ತು ಅಂತ ಹೇಳುತ್ತೆ, ಮೊದಲು ಏನು ಅಂತ ಹೇಳಲ್ಲ. ನಿಮ್ಮ ಪಟ್ಟಿಯಲ್ಲಿ "ಕಾಸ್ಟಿಂಗ್ ಓದು" ಅಂತ ಇದ್ರೆ ಹೊಡೆದು ಹಾಕಿ. ಅದು ಕೆಲಸ ಅಲ್ಲ, ವಿಷಯದ ಹೆಸರು. "ರಾತ್ರಿ ಊಟ ಆಗಿ ತಟ್ಟೆ ತೊಳೆದಿಟ್ಟ ಕೂಡ್ಲೇ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಪ್ರೋಸೆಸ್ ಕಾಸ್ಟಿಂಗ್‌ನ 7ನೇ ಲೆಕ್ಕದ ಪ್ರಶ್ನೆಯನ್ನು ಹಾಳೆ ಮೇಲೆ ಇಳಿಸ್ತೀನಿ" ಅಂತ ಬರೀರಿ. ಯಾವಾಗ, ಎಲ್ಲಿ, ಕೈ ಮೊದಲು ಏನು ಮಾಡುತ್ತೆ, ಮೂರೂ ಇರಬೇಕು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಬರೆದ "ಹೀಗಾದರೆ ಹೀಗೆ" ಯೋಜನೆ ಅಂದ್ರೆ ಇದೇ. 2006ರಲ್ಲಿ ಅವರೂ ಶೀರನ್ ಎಂಬುವರೂ 94 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಪರಿಣಾಮ ಮಧ್ಯಮದಿಂದ ದೊಡ್ಡ ಪ್ರಮಾಣದ್ದು ಅಂತ ಕಂಡಿತ್ತು.

ಒಂದು ಎಚ್ಚರಿಕೆ. "ರಾತ್ರಿ 9ಕ್ಕೆ" ಅಂತ ಗಡಿಯಾರಕ್ಕೆ ಕಟ್ಟಬೇಡಿ, ಲೋಕಲ್ ಇಪ್ಪತ್ತು ನಿಮಿಷ ಲೇಟಾದ ದಿನ ಇಡೀ ಯೋಜನೆ ಬಿದ್ದು ಹೋಗುತ್ತೆ. ತಟ್ಟೆ ತೊಳೆಯೋದು ಎಷ್ಟೊತ್ತಿಗಾದ್ರೂ ಆಗೇ ಆಗುತ್ತೆ, ಅದಕ್ಕೆ ಕಟ್ಟಿ.

ಹುಬ್ಬಳ್ಳಿ ಟು ಹಿಂಜವಡಿ
ಅಕ್ಕಾರ, ಎಲ್ಲಾ ಬರೋಬ್ಬರಿ. ಆದ್ರ ಟೈಮರ್‌ಗೆ ಯಾಕ ಬೈತೀರಿ? ಮಂದಿ ಅದನ್ನ ಅರ್ಧಾನ ಕಲ್ತಿರ್ತಾರ. 1980ರ ದಶಕದ ಕೊನೀಗೆ ಫ್ರಾನ್ಸೆಸ್ಕೊ ಚಿರಿಲ್ಲೊ ಮಾಡಿದ ಪೊಮೊಡೊರೊ ಪದ್ಧತಿ ಬರೇ 25 ಮಿನಿಟು ಗಂಟಿ ಬಾರ್ಸೋದಲ್ಲ. ಕೂಡೂಕ್ಕಿಂತ ಮೊದಲ ಈ ಸುತ್ತಿನ್ಯಾಗ ಏನ್ ಮುಗಿಸ್ತೀನಿ ಅಂತ ಹಾಳಿ ಮ್ಯಾಲ ಬರೀಬೇಕು. 25 ಮಿನಿಟು ಕೆಲಸ, 5 ಮಿನಿಟು ಎದ್ದು ಅಡ್ಡಾಡೋದು, ನಾಕು ಸುತ್ತು ಆದಮ್ಯಾಲ 15ರಿಂದ 30 ಮಿನಿಟು ದೊಡ್ಡ ಬಿಡುವು. ನಡಕ ತಲ್ಯಾಗ "ಲೈಟ್ ಬಿಲ್ ತುಂಬಿಲ್ಲ" ಅಂತ ಬಂತಂದ್ರ ಪಕ್ಕದ ಚೀಟಿ ಮ್ಯಾಲ ಒಂದು ಗೆರಿ ಬರದು ಮುಂದ ಹೋಗೋದು. ತುಂಬಾಕ ಹೋಗಬಾರ್ದು.

ಈ ಚೀಟೀನ ಅದರ ಜೀವ. ಬರೀಲಿಲ್ಲಂದ್ರ ಆ ವಿಚಾರ ತಲ್ಯಾಗ ಕುಂತು ಕೊರೀತೈತಿ. ಮತ್ತ ಟೈಮರ್ ಫೋನ್‌ನ್ಯಾಗ ಇಡಬ್ಯಾಡ್ರಿ. ಎಷ್ಟ್ ಮಿನಿಟ್ ಉಳೀತು ನೋಡಾಕ ಫೋನ್ ಎತ್ತಿದ್ರ ಮೂರು ಮೆಸೇಜ್ ಕಾಣ್ತಾವು. ಅಡಗಿಮನೀದು ಕೀಲಿ ತಿರುವು ಟೈಮರ್ ಸಾಕು.

ವಾಸ್ಕೋದಿಂದ
25 ನಿಮಿಷ ಎಲ್ಲದಕ್ಕೂ ಹೊಂದೂದಿಲ್ಲ ಅಲ್ದಾ? ನೀವೇ ಕೋಡಿಂಗ್ ಮಾಡುವವರು, ಬಗ್ ಹುಡುಕ್ತಾ ಇರುವಾಗ ಗಂಟೆ ಹೊಡೆದ್ರೆ ಹಿಡಿದ ಎಳೆ ಕೈಬಿಟ್ಟು ಹೋಗ್ತದೆ.

ಹುಬ್ಬಳ್ಳಿ ಟು ಹಿಂಜವಡಿ
ಹೌದ್ರಿ, ಅಂಥ ಕೆಲಸಕ್ಕ 50-10 ಛಲೋ. 25 ಅನ್ನೋದು ಬ್ಯಾಸರ ಬರೋ ಕೆಲಸಕ್ಕ: ಬಿಲ್ ಎಂಟ್ರಿ, ಇ-ಮೇಲ್, ಮೊದಲನೇ ಸಲ ಓದೋ ಅಧ್ಯಾಯ. ಕೆಲಸ ಚಾಲೂ ಆಗವಲ್ದು ಅಂದ್ರ ಸಣ್ಣ ಸುತ್ತು, ಚಾಲೂ ಆಗಿ ಓಡಾಕತ್ತಿದ್ರ ದೊಡ್ಡ ಸುತ್ತು. ಇನ್ನೊಂದು: ಸಿಎ ಪೇಪರ್ ಮೂರು ತಾಸಿಂದು. ವರ್ಷಪೂರ್ತಿ 25ರ ಲೆಕ್ಕದಾಗ ಓದಿದ್ರ ಪರೀಕ್ಷಾ ದಿನ ಒಂದನೇ ತಾಸಿಗೇ ಕುಂಡಿ ಎತ್ತಬೇಕನಸ್ತೈತಿ. ವಾರಕ್ಕ ಒಮ್ಮೆರ ಮೂರು ತಾಸು ಎದ್ದೇಳದ ಕುಂತು ಒಂದು ಹಳೇ ಪೇಪರ್ ಬಿಡಸ್ರಿ.

ಶೆಟ್ರ ಲೆಕ್ಕ
ಮಾರಾಯ್ರೆ, ಎಲ್ರೂ ಓದಿನ ಬಗ್ಗೆ ಬರೀತಿದ್ದೀರಿ. ಅವರ ಹೋಟೆಲ್ ರಿಟರ್ನ್ ಕಥೆ ಯಾರೂ ಕೇಳುವುದಿಲ್ಲವಾ? 20ರ ರಾತ್ರಿಗೆ ಯಾಕೆ ಹೋಗ್ತದೆ ಅಂದ್ರೆ "ರಿಟರ್ನ್ ಹಾಕುವುದು" ಅಂತ ಒಂದೇ ಗಂಟು ಕಟ್ಟಿ ಇಟ್ಟಿದ್ದಾರೆ. ಬಿಚ್ಚಿ ನೋಡಿ.

1ರಿಂದ 3ನೇ ತಾರೀಕು: ಬಿಲ್ಲಿಂಗ್ ಮೆಷಿನಿನಿಂದ ತಿಂಗಳ ಸೇಲ್ ರಿಪೋರ್ಟ್, ಸ್ವಿಗ್ಗಿ-ಜೊಮ್ಯಾಟೊ ಸ್ಟೇಟ್‌ಮೆಂಟ್ ಇಳಿಸಿ ಒಂದೇ ಫೋಲ್ಡರಿಗೆ ಹಾಕುವುದು. ಇಷ್ಟೇ, ಲೆಕ್ಕ ಮಾಡ್ಲಿಕ್ಕಿಲ್ಲ. 5ರ ಒಳಗೆ ಎರಡನ್ನೂ ತಾಳೆ ನೋಡುವುದು. ಎಲ್ಲರೂ ಸಿಕ್ಕಿ ಬೀಳುವುದು ಇಲ್ಲಿ. ಬ್ಯಾಂಕಿಗೆ ಬಂದ ಹಣ ಕಮಿಷನ್ ಕಳೆದು ಬಂದದ್ದು. ಅದನ್ನೇ ಸೇಲ್ ಅಂತ ಹಿಡಿದ್ರೆ ಮೆಷಿನ್ ರಿಪೋರ್ಟಿಗೆ ಜನ್ಮದಲ್ಲಿ ತಾಳೆ ಆಗುವುದಿಲ್ಲ. ಕಮಿಷನ್ ಕಳೆಯುವ ಮೊದಲಿನ ಆರ್ಡರ್ ಮೊತ್ತ ಹಿಡೀಬೇಕು, ಕ್ಯಾನ್ಸಲ್ ಆದದ್ದು ಬೇರೆ ತೆಗೀಬೇಕು. 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ಊಟದ ತೆರಿಗೆ ಆ್ಯಪ್‌ನವರೇ ಕಟ್ಟುವುದು. ಹಾಗಂತ ನಾವು ಬಿಡುವ ಹಾಗಿಲ್ಲ, 20ಕ್ಕೆ ಹಾಕುವ ಜಿಎಸ್‌ಟಿಆರ್-3ಬಿ ರಿಟರ್ನಿನಲ್ಲಿ 3.1.1ರ ಎರಡನೇ ಸಾಲಿಗೆ ಆ ಮೊತ್ತ ಹೋಗಬೇಕು. 11ರ ಒಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1. ಅದು ಮುಗಿದ್ರೆ 20ಕ್ಕೆ ಉಳಿಯುವುದು ಚಲನ್ ಕಟ್ಟಿ ಬಟನ್ ಒತ್ತುವುದು ಮಾತ್ರ.

ಡೊಂಬಿವಲಿ ಫಾಸ್ಟ್
ಶೆಟ್ರೇ, ಬ್ಯಾಂಕ್ ಮೊತ್ತದ ವಿಷಯ ಹೇಳಿದ್ರಲ್ಲ, ಅದೇ ಗಂಟು. ಅದು ತಾಳೆ ಆಗಲ್ಲ ಅಂತಲೇ ಫೈಲ್ ತೆರೆಯೋಕೆ ಬೇಜಾರು.

ಥಾಣೆ ಪಶ್ಚಿಮ
14ನೇ ತಾರೀಕಿಗೆ ಬರುವ 2ಬಿ (ನಮ್ಮ ಖರೀದಿಗಳ ಜಿಎಸ್‌ಟಿ ಪಟ್ಟಿ) ಜೊತೆ ಖರೀದಿ ಬಿಲ್ ತಾಳೆ ನೋಡುವುದನ್ನು ಬಿಟ್ಟಿದ್ದೀರಿ ಶೆಟ್ರೇ. ಅರ್ಧ ಕೆಲಸ ಅದೇ ಅಲ್ಲವೇ?

ಶೆಟ್ರ ಲೆಕ್ಕ
ಬಿಟ್ಟದ್ದಲ್ಲ, ಬೇಡ ಅಂತಲೇ ಹಾಕಲಿಲ್ಲ. 5 ಪರ್ಸೆಂಟಿನ ಹೋಟೆಲಿಗೆ 2017ರ ನವೆಂಬರ್ 15ರಿಂದ ಖರೀದಿಗೆ ಕೊಟ್ಟ ತೆರಿಗೆ ವಜಾ ಮಾಡಿಕೊಳ್ಳುವ ಇನ್‌ಪುಟ್ ಕ್ರೆಡಿಟ್ ಇಲ್ಲ. ಕ್ರೆಡಿಟ್ ಇಲ್ಲದ ಮೇಲೆ ಪ್ರತಿ ಬಿಲ್ಲು ತಾಳೆ ನೋಡಿ ಏನು ಮಾಡುವುದು? ನಿಮ್ಮದು ಟ್ರೇಡಿಂಗ್ ಆದ್ರೆ ಖಂಡಿತ ಬೇಕು. ಹೋಟೆಲಿನವರು ನೋಡಬೇಕಾದದ್ದು ಬಾಡಿಗೆ. ಕಟ್ಟಡದ ಯಜಮಾನರು ಜಿಎಸ್‌ಟಿ ನೋಂದಣಿ ಮಾಡಿಸದಿದ್ರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆ ಬಾಡಿಗೆದಾರನೇ ಕಟ್ಟಬೇಕು.

ಥಾಣೆ ಪಶ್ಚಿಮ
ಒಪ್ಪಿದೆ. ತಡವಾದರೆ ಲೆಕ್ಕ ಹೀಗೆ: ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಏನೂ ಇಲ್ಲದ ನಿಲ್ ರಿಟರ್ನ್‌ಗೆ 20. ಬಾಕಿ ತೆರಿಗೆ ಮೇಲೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ.

ಕಲೀನಾ ಅಕ್ಕ
ಶೆಟ್ರು ಮಾಡಿದ್ದು ನೋಡಿ. "1ರಿಂದ 3ರವರೆಗೆ ಇಳಿಸಿ ಫೋಲ್ಡರಿಗೆ ಹಾಕೋದು, ಲೆಕ್ಕ ಮಾಡ್ಲಿಕ್ಕಿಲ್ಲ" ಅಂದ್ರಲ್ಲ, ಆ ಹಂತದಲ್ಲಿ ಕಿರಿಕಿರಿಗೆ ಜಾಗವೇ ಇಲ್ಲ. ಹೆದರಿಸೋ ಭಾಗ ಯಾವುದು ಅಂತ ಗುರುತಿಸಿ ಅದನ್ನು ಬೇರೆ ದಿನಕ್ಕೆ ಹಾಕಿದ್ದಾರೆ. ಓದಿಗೂ ಹೀಗೇ ಮಾಡಿ: ಇವತ್ತು ಪ್ರಶ್ನೆ ಇಳಿಸೋದು ಮತ್ತು ಕೊಟ್ಟ ಅಂಕಿಗಳನ್ನು ಪಟ್ಟಿ ಮಾಡೋದು ಮಾತ್ರ. ಸಾಮಾನ್ಯವಾಗಿ ಕೈ ಅಲ್ಲಿಗೇ ನಿಲ್ಲೋದಿಲ್ಲ. ನಿಂತ್ರೂ ಪರವಾಗಿಲ್ಲ, ನಾಳೆ ಅರ್ಧ ಬಿಡಿಸಿದ ಲೆಕ್ಕದ ಎದುರು ಕೂರ್ತೀರಿ, ಖಾಲಿ ಹಾಳೆ ಎದುರು ಅಲ್ಲ.

ಸದಾಶಿವ ಪೇಠೆ 30
ಪುಣೆಯ ಅಭ್ಯಾಸಿಕಾಗಳಿಗೆ (ದುಡ್ಡು ಕೊಟ್ಟು ಸೀಟು ಹಿಡಿಯೋ ಓದುಕೋಣೆ) ಬಂದು ನೋಡಿ. ಬೆಳಿಗ್ಗೆ 7ರಿಂದ ರಾತ್ರಿ 11ರವರೆಗೆ ಸೀಟು ತುಂಬಿರುತ್ತೆ. ಎಂಪಿಎಸ್‌ಸಿ (ಮಹಾರಾಷ್ಟ್ರ ಸರ್ಕಾರಿ ನೌಕರಿ ಪರೀಕ್ಷೆ) ಹುಡುಗರು "ಹದಿನಾಲ್ಕು ತಾಸು ಓದಿದೆ" ಅಂತಾರೆ. ಅದರಲ್ಲಿ ಅಮೃತತುಲ್ಯ ಚಹಾದಂಗಡಿ ಎದುರು ಚಹಾ ಹಿಡ್ಕೊಂಡು ಕಟ್-ಆಫ್ ಎಷ್ಟಾಗುತ್ತೆ ಅಂತ ಚರ್ಚಿಸಿದ್ದು ಎಷ್ಟು ಅಂತ ಯಾರೂ ಹೇಳಲ್ಲ. ಕೂತ ತಾಸು ಅಳೆಯೋದೇ ತಪ್ಪು ಅಳತೆ. ಪುಸ್ತಕ ಮುಚ್ಚಿ ಎಷ್ಟು ಪ್ರಶ್ನೆಗೆ ಉತ್ತರ ಬರೆದೆ ಅಂತ ಅಳೀರಿ.

ಇದಕ್ಕೆ ಆಧಾರ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟು, ಕೆಲವರಿಗೆ ಎರಡನೇ ಸಲ ಓದಿಸಿದ್ರು, ಕೆಲವರಿಗೆ ನೋಡದೆ ನೆನಪಿಂದ ಬರೆಯೋಕೆ ಹೇಳಿದ್ರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಎರಡು ಸಲ ಓದಿದವರೇ ಮುಂದು. ವಾರ ಕಳೆದ ಮೇಲೆ ಲೆಕ್ಕ ಉಲ್ಟಾ: ನೆನಪಿಂದ ಬರೆದವರಿಗೆ ಸುಮಾರು 56 ಪರ್ಸೆಂಟ್ ಉಳಿದಿತ್ತು, ಓದಿದವರಿಗೆ 42. ಹೈಲೈಟರ್ ಹಿಡಿದು ಮತ್ತೆ ಮತ್ತೆ ಓದೋದು ಆರಾಮ, ಬಂದ ಹಾಗೆ ಅನ್ಸುತ್ತೆ. ಅದೂ ಒಂದು ಮುಂದೂಡಿಕೆಯೇ, ಓದಿನ ವೇಷ ಹಾಕ್ಕೊಂಡಿರುತ್ತೆ ಅಷ್ಟೆ.

ವಾಸ್ಕೋದಿಂದ
ಸೀಟು ಹಿಡಿದು ಓದುವವರನ್ನು ಪೂರ್ತಿ ಬೈಬೇಡಿ. ಅಕ್ಕಪಕ್ಕ ನಾಲ್ಕು ಜನ ಓದ್ತಾ ಇದ್ರೆ ಎದ್ದು ಹೋಗುವುದು ಕಷ್ಟ, ಅದೇ ದೊಡ್ಡ ಲಾಭ. ಗೋವಾದವರಿಗೆ ಪಣಜಿ ಪಾಟ್ಟೊದ ಸೆಂಟ್ರಲ್ ಲೈಬ್ರರಿ ಉಂಟು, 1832ರಿಂದ ಇರುವ ಸಂಸ್ಥೆ, ಈಗಿನ ಕಟ್ಟಡದಲ್ಲಿ ಓದುವ ಜಾಗ ಧಾರಾಳ. ಹೊರಗೆ ಹೋಗ್ಲಿಕ್ಕೆ ಆಗದವರು ಗೆಳೆಯನ ಜೊತೆ ವಿಡಿಯೋ ಕಾಲ್ ಹಾಕಿ, ಮೈಕ್ ಬಂದ್ ಮಾಡಿ, ಕ್ಯಾಮೆರಾ ಕೈ ಮತ್ತು ಪುಸ್ತಕದ ಕಡೆ ತಿರುಗಿಸಿಡಿ. ಶುರುವಲ್ಲಿ ಒಂದು ನಿಮಿಷ "ಇವತ್ತು ಇದು", ಕೊನೆಗೆ ಒಂದು ನಿಮಿಷ "ಇಷ್ಟಾಯ್ತು". ನಡುವೆ ಮಾತಿಲ್ಲ. ಮುಖ ತೋರಿಸಿದ್ರೆ ಹರಟೆ ಶುರು ಆಗೇ ಆಗ್ತದೆ.

ಅಂಧೇರಿ ಈಸ್ಟ್ ಮಾಮಾ
ಫೋನ್ ಸ್ವಿಚ್ ಆಫ್ ಮಾಡಿ. ಎಲ್ಲ ಸರಿ ಹೋಗುತ್ತೆ. ಇಷ್ಟುದ್ದ ಯಾಕೆ?

ಡೊಂಬಿವಲಿ ಫಾಸ್ಟ್
ಮಾಮಾ, ಊರಲ್ಲಿ ಅಪ್ಪ ಅಮ್ಮ ಇಬ್ರೇ ಇರೋದು. ಆಫ್ ಮಾಡೋಕಾಗಲ್ಲ.

ಥಾಣೆ ಪಶ್ಚಿಮ
ಆಫ್ ಮಾಡುವ ಅಗತ್ಯವಿಲ್ಲ. ಡು ನಾಟ್ ಡಿಸ್ಟರ್ಬ್ ಸೆಟ್ಟಿಂಗ್ ಒಳಗೆ ಹೋಗಿ. ಮನೆಯವರ ನಂಬರುಗಳಿಗೆ ಸ್ಟಾರ್ ಹಾಕಿ, ಸ್ಟಾರ್ ಇರುವವರ ಕರೆಗೆ ಮಾತ್ರ ಅನುಮತಿ ಕೊಡಿ. ಕೆಳಗೆ ಮರು ಕರೆ ಮಾಡುವವರು ಅಂತ ಇನ್ನೊಂದು ಆಯ್ಕೆ ಇರುತ್ತದೆ, ಅದನ್ನೂ ಆನ್ ಮಾಡಿ. ಒಂದೇ ನಂಬರಿನಿಂದ ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನ್‌ನಲ್ಲಿ 3 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ರಿಂಗ್ ಆಗುತ್ತದೆ. ಆಸ್ಪತ್ರೆಯಿಂದಲೋ ಪಕ್ಕದ ಮನೆಯವರಿಂದಲೋ ತುರ್ತು ಕರೆ ಬಂದರೂ ತಪ್ಪುವುದಿಲ್ಲ. ರಿಂಗ್ ಜೋರಾಗಿಟ್ಟು ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಒಂದೇ ರೂಮಿನ ಮನೆಯಾದರೆ ಎದ್ದು ನಿಂತರೆ ಮಾತ್ರ ಕೈಗೆಟಕುವ ಶೆಲ್ಫು.

ಆ್ಯಪ್ ಲಿಮಿಟ್ ಹಾಕಿ ಪ್ರಯೋಜನವಿಲ್ಲ ಎನ್ನುವವರಿಗೆ: ನೀವೇ ಹಾಕಿದ ಬೀಗದ ಕೀಲಿ ನಿಮ್ಮ ಜೇಬಿನಲ್ಲೇ ಇದೆ. ಐಫೋನ್ ಆದರೆ ಸ್ಕ್ರೀನ್ ಟೈಮ್ ಪಾಸ್‌ಕೋಡನ್ನು ಮನೆಯವರ ಕೈಯಲ್ಲಿ ಹಾಕಿಸಿ. ಅದಕ್ಕಿಂತ ಸುಲಭ, ಕಾಡುವ ಆ್ಯಪ್ ತೆಗೆದುಹಾಕಿ ಬ್ರೌಸರಿನಲ್ಲೇ ನೋಡುವ ನಿಯಮ. ಪ್ರತಿ ಸಲ ಲಾಗಿನ್ ಆಗುವ ರಗಳೆಯೇ ಅರ್ಧ ಜನರನ್ನು ತಡೆಯುತ್ತದೆ.

ಮಾಟುಂಗಾ ಡಿಕಾಕ್ಷನ್
ನಮ್ಮ ಜನರ ಅಸಲಿ ರೋಗ ವಾಟ್ಸ್ಆ್ಯಪ್ ಗ್ರೂಪು. ಊರಿನ ದೇವಸ್ಥಾನದ್ದು ಒಂದು, ಸಂಘದ್ದು ಎರಡು, ಯಕ್ಷಗಾನದ್ದು ಮೂರು, ಸೊಸೈಟಿದು ಒಂದು. ಮ್ಯೂಟ್ ಮಾಡುವಾಗ "ಯಾವಾಗಲೂ" ಒತ್ತಿ, ಆಮೇಲೆ ಆರ್ಕೈವ್ ಮಾಡಿ. ಎಂಟು ಗಂಟೆ ಕಾಲ ಅಂತ ಮ್ಯೂಟ್ ಮಾಡಿದ್ರೆ ಒಂಬತ್ತನೇ ಗಂಟೆಗೆ ಗುಡ್ ಮಾರ್ನಿಂಗ್ ಬರುತ್ತೆ.

ಲೋಕಲ್ ಕನ್ನಡತಿ
ಲೋಕಲ್‌ನ ಮೂರು ಗಂಟೆ ಬಗ್ಗೆ ಯಾರೂ ಮಾತೇ ಆಡ್ತಿಲ್ಲ. ಅಲ್ಲೇ ಓದಬಹುದಲ್ವಾ?

ಅಂಧೇರಿ ಈಸ್ಟ್ ಮಾಮಾ
ಬೆಳಿಗ್ಗೆ 8:20ಕ್ಕೆ ಡೊಂಬಿವಲಿಯಲ್ಲಿ ಹತ್ತಿ ನೋಡಮ್ಮ. ಪುಸ್ತಕ ಬಿಡು, ಕೈ ಎತ್ತಿದ್ರೆ ಇಳಿಸೋಕೆ ಜಾಗ ಇರಲ್ಲ.

ಸದಾಶಿವ ಪೇಠೆ 30
ಹೊಸ ಅಧ್ಯಾಯ ಓದೋಕೆ ಲೋಕಲ್ ಜಾಗ ಅಲ್ಲ, ನೆನಪು ಮಾಡ್ಕೊಳ್ಳೋಕೆ ಪರವಾಗಿಲ್ಲ. ರಾತ್ರಿ ಓದು ಮುಗಿಸುವಾಗ ಅದೇ ಪಾಠದ ಹತ್ತು ಪ್ರಶ್ನೆ ನಿಮ್ಮ ಧ್ವನಿಯಲ್ಲಿ ರೆಕಾರ್ಡ್ ಮಾಡಿ, ಪ್ರತಿ ಪ್ರಶ್ನೆ ಆದ್ಮೇಲೆ 15 ಸೆಕೆಂಡ್ ಖಾಲಿ ಬಿಟ್ಟು ಆಮೇಲೆ ಉತ್ತರ. ಬೆಳಿಗ್ಗೆ ನಿಂತಲ್ಲೇ ಕಿವಿಗೆ ಹಾಕ್ಕೊಂಡು ಆ ಖಾಲಿಯಲ್ಲಿ ಮನಸ್ಸಲ್ಲೇ ಉತ್ತರ ಹೇಳ್ಬೇಕು. ಆಡಿಟಿಂಗ್ ಸ್ಟ್ಯಾಂಡರ್ಡ್‌ಗಳಿಗೆ ಇದು ಹೇಳಿ ಮಾಡಿಸಿದ್ದು: ಎಸ್‌ಎ 230 ದಾಖಲೆ, 500 ಸಾಕ್ಷ್ಯ, 700 ಅಭಿಪ್ರಾಯ. ಕಾನೂನಿನ ಸೆಕ್ಷನ್‌ಗಳಿಗೂ ಆಗುತ್ತೆ. ಲೆಕ್ಕದ ಪೇಪರ್‌ಗಳಿಗೆ ಆಗಲ್ಲ, ಅವಕ್ಕೆ ಪೆನ್ನು ಹಿಡೀಲೇಬೇಕು. ವಾಪಸ್ ಬರುವಾಗ ಏನೂ ಬೇಡ, ಹಾಡು ಕೇಳಿ. ತಲೆ ಸುಸ್ತಾಗಿರೋ ಹೊತ್ತಲ್ಲಿ ಹಿಂಡಿದ್ರೆ ರಾತ್ರಿಯ ಒಂದು ಗಂಟೆಯೂ ಕೈತಪ್ಪುತ್ತೆ.

ಹುಬ್ಬಳ್ಳಿ ಟು ಹಿಂಜವಡಿ
ಆಫೀಸ್ ಕೆಲಸ, ಹೋಟೆಲ್ ಲೆಕ್ಕ, ಓದು, ಮೂರು ಕಡೆ ಜಿಗಿಯೋರಿಗೆ ಇನ್ನೊಂದು ತೊಂದ್ರಿ ಐತಿ. ಒಂದು ಬಿಟ್ಟು ಇನ್ನೊಂದಕ್ಕ ಕುಂತ್ರೂ ಹಿಂದಿಂದು ತಲ್ಯಾಗ ಉಳೀತೈತಿ. ಸಂಶೋಧಕಿ ಸೋಫಿ ಲೆರಾಯ್ 2009ರಾಗ ಇದರ ಮ್ಯಾಲ ಬರದಾರ. ಉಪಾಯ ಸಣ್ಣದು: ಏಳೂಕ್ಕಿಂತ ಮೊದಲ ಒಂದು ಮಿನಿಟು ತಗೊಂಡು ಎರಡು ಸಾಲು ಬರದಿಡ್ರಿ. "ಜೂನ್ ಸ್ವಿಗ್ಗಿ ಶೀಟ್ 18ನೇ ತಾರೀಕಿನ ತನಾ ತಾಳಿ ಆಗೇತಿ. ಮುಂದ 19ರಿಂದ, ಕ್ಯಾನ್ಸಲ್ ಆರ್ಡರ್ ಕಾಲಂ ನೋಡೋದೈತಿ." ತಿರಗಿ ಬಂದಾಗ "ಎಲ್ಲಿದ್ದೆ ನಾ" ಅಂತ ಹುಡುಕೂದು ತಪ್ಪತೈತಿ. ಹಂಗ ಹುಡಕೋವಾಗನ ಫೋನ್ ಕೈಗೆ ಬರೋದು.

ಶೆಟ್ರ ಲೆಕ್ಕ
ಗಲ್ಲೆಯಲ್ಲಿ, ಅಂದ್ರೆ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುವವರಿಗೆ ಇದೊಂದೇ ಗತಿ. ಐದು ನಿಮಿಷಕ್ಕೆ ಒಬ್ಬ ಗಿರಾಕಿ, ಹತ್ತು ನಿಮಿಷಕ್ಕೆ ಒಬ್ಬ ಸಪ್ಲೈಯರ್. ಅಲ್ಲಿ 25 ನಿಮಿಷ ಕೂರ್ತೇನೆ ಅಂದ್ರೆ ನಗ್ತಾರೆ. ಬೆಳಿಗ್ಗೆ ತಿಂಡಿ ರಶ್ ಮುಗಿದು ಊಟದ ರಶ್ ಶುರು ಆಗುವ ತನಕ, ಹತ್ತೂವರೆಯಿಂದ ಹನ್ನೊಂದೂವರೆ, ಆ ಒಂದು ಗಂಟೆ ಗಲ್ಲೆಗೆ ಬೇರೆಯವರನ್ನು ಕೂರಿಸಿ ಒಳಗೆ ಹೋಗ್ಬೇಕು.

ವಾಸ್ಕೋದಿಂದ
ನಮ್ಮಲ್ಲಿ ಮಧ್ಯಾಹ್ನ ಒಂದರಿಂದ ಮೂರೂವರೆ ನಾಲ್ಕರವರೆಗೆ ಅಂಗಡಿ ಬಾಗಿಲು ಹಾಕ್ತಾರೆ. ಹೊರಗಿನವರು ನಗ್ತಾರೆ, ಆದ್ರೆ ಊಟ ಆದ ಮೇಲೆ 20 ನಿಮಿಷ ಮಲಗಿ ಎದ್ದವನ ಕೆಲಸ ನೋಡಿ. 20 ದಾಟಬಾರ್ದು, ಮುಕ್ಕಾಲು ಗಂಟೆ ಮಲಗಿದ್ರೆ ಗಾಢ ನಿದ್ದೆಯಿಂದ ಏಳಬೇಕಾಗ್ತದೆ, ಆಮೇಲೆ ಅರ್ಧ ಗಂಟೆ ತಲೆ ಮಂಕು.

ಮಾಟುಂಗಾ ಡಿಕಾಕ್ಷನ್
ಮಲಗೋದ್ಯಾಕೆ, ಒಂದು ಸ್ಟ್ರಾಂಗ್ ಕಾಫಿ.

ಕಲೀನಾ ಅಕ್ಕ
ಕೆಫೀನ್ ಅರ್ಧ ಇಳಿಯೋಕೇ ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ 11ಕ್ಕೂ ಮೈಯಲ್ಲಿರುತ್ತೆ. ನಿದ್ದೆ ಕೆಟ್ರೆ ಮರುದಿನ ಮುಂದೂಡೋದು ಇನ್ನೂ ಜಾಸ್ತಿ. ಮಧ್ಯಾಹ್ನ 2ಕ್ಕೆ ಕೊನೆ ಕಾಫಿ ಇಟ್ಕೊಳ್ಳಿ.

ಮಾಟುಂಗಾ ಡಿಕಾಕ್ಷನ್
ಈ ಚರ್ಚೆಯಿಂದ ನಾನು ಹೊರಗೆ.

ಥಾಣೆ ಪಶ್ಚಿಮ
ಅಂದಾಜಿನ ಬಗ್ಗೆ ಒಂದು ಮಾತು. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಾವು ಹೇಳುವುದು ಯಾವಾಗಲೂ ಕಡಿಮೆ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು. 1994ರಲ್ಲಿ ಬ್ಯೂಲರ್ ಮತ್ತಿತರರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೇಳಿದಾಗ ಸರಾಸರಿ ಅಂದಾಜು 33.9 ದಿನ, ನಿಜಕ್ಕೂ ಹಿಡಿದದ್ದು 55.5 ದಿನ. ಆದ್ದರಿಂದ "ಎಷ್ಟು ಹಿಡಿಯಬಹುದು" ಎಂದು ಕೇಳಿಕೊಳ್ಳಬೇಡಿ, "ಕಳೆದ ಮೂರು ತಿಂಗಳು ಎಷ್ಟು ಹಿಡಿಯಿತು" ಎಂದು ನೋಡಿ. ದಾಖಲೆ ಇಲ್ಲದಿದ್ದರೆ ನಿಮ್ಮ ಅಂದಾಜಿಗೆ ಅರ್ಧ ಸೇರಿಸಿ.

ಲೋಕಲ್ ಕನ್ನಡತಿ
ಇದನ್ನು ನಮ್ಮ ಸಂಘದ ಸ್ಮರಣ ಸಂಚಿಕೆಗೆ ಲೇಖನ ಕೊಡುವವರಿಗೆ ಯಾರಾದ್ರೂ ಹೇಳಿ. ರಾಜ್ಯೋತ್ಸವಕ್ಕೆ ನಾಲ್ಕು ದಿನ ಇರುವಾಗ ಕಳಿಸ್ತಾರೆ, ಅದೂ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ. ಯೂನಿಕೋಡ್‌ಗೆ ಬದಲಾಯಿಸಿದ್ರೆ ಒತ್ತಕ್ಷರ ಎಲ್ಲ ಎಗರಿಹೋಗಿರುತ್ತೆ.

ಅಂಧೇರಿ ಈಸ್ಟ್ ಮಾಮಾ
ಅವರಿಗೆ ಕೊನೆಯ ದಿನಾಂಕ ಹತ್ತು ದಿನ ಹಿಂದಿಂದು ಹೇಳಬೇಕು. ಮುಂಬಯಿಯ ಎಲ್ಲ ಸಂಘಗಳೂ ನಡೀತಿರೋದು ಹಾಗೇ.

ಲೋಕಲ್ ಕನ್ನಡತಿ
ಹೇಳ್ತೀವಿ ಮಾಮಾ. ಈಗ ಅವರಿಗೂ ಅದು ಗೊತ್ತಾಗಿದೆ.

ಕಲೀನಾ ಅಕ್ಕ
ವಿಷಯಕ್ಕೆ ಬರೋಣ. ಈ ಉಪಾಯಗಳು ಎಲ್ಲರಿಗೂ ಸಾಲೋದಿಲ್ಲ. ಚಿಕ್ಕಂದಿನಿಂದಲೇ, ಅಂದ್ರೆ 12 ವರ್ಷಕ್ಕೆ ಮೊದಲಿಂದ, ಮನೆ-ಶಾಲೆ ಎರಡೂ ಕಡೆ ಗಮನ ನಿಲ್ಲದೆ ಒದ್ದಾಡಿದವರು ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಇದೆಯಾ ಅಂತ ಮನೋವೈದ್ಯರ ಹತ್ರ ತೋರಿಸ್ಕೊಳ್ಳಬೇಕು. ಇತ್ತೀಚೆಗೆ ಶುರುವಾಗಿದ್ದು, ಇಷ್ಟದ ಕೆಲಸವೂ ಬೇಡ ಅನ್ಸೋದು, ಎರಡು ವಾರ ದಾಟಿದ್ರೆ ಖಿನ್ನತೆ ಇರಬಹುದು. ಥೈರಾಯ್ಡ್, ರಕ್ತಹೀನತೆ, ಗೊರಕೆ ಜೊತೆ ಉಸಿರು ಕಟ್ಟೋ ನಿದ್ದೆಯೂ ಹೀಗೇ ಮಾಡ್ತವೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಡೊಂಬಿವಲಿ ಫಾಸ್ಟ್
ಎಲ್ರಿಗೂ ಥ್ಯಾಂಕ್ಸ್. ಸದ್ಯಕ್ಕೆ ಮೂರೇ ಹಿಡ್ಕೊಳ್ತೀನಿ: ತಟ್ಟೆ ತೊಳೆದ ಮೇಲೆ ಒಂದು ಪ್ರಶ್ನೆ ಇಳಿಸೋದು, ಫೋನ್ ಅಡುಗೆಮನೆಗೆ, ಶೆಟ್ರ ತಾರೀಕು ಪಟ್ಟಿ. ಒಂದು ಕೊನೇ ಪ್ರಶ್ನೆ: ಕೆಳಗಿನ ರಸ್ತೆಯಲ್ಲಿ ರಾತ್ರಿ ಹನ್ನೊಂದರವರೆಗೂ ಗಲಾಟೆ. ಹಾಡು ಹಾಕ್ಕೊಂಡು ಓದಬಹುದಾ?

ಸದಾಶಿವ ಪೇಠೆ 30
ಮಾತಿರೋ ಹಾಡು ಬೇಡ, ಓದೋ ಪದಗಳಿಗೇ ಅಡ್ಡ ಬರುತ್ತೆ. ಫ್ಯಾನ್ ಸದ್ದಿನಂಥದ್ದು ಆಗಬಹುದು. ಅದಕ್ಕಿಂತ ಫೋಮ್ ಇಯರ್‌ಪ್ಲಗ್ ಒಳ್ಳೇದು. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಹಾಕಿ, ಉಬ್ಬೋವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡೀರಿ. ಸುಮ್ನೆ ತುರುಕಿದ್ರೆ ಹೊರಗೆ ಬರುತ್ತೆ, ಆಮೇಲೆ "ಇದು ಕೆಲಸ ಮಾಡಲ್ಲ" ಅಂತಾರೆ. ಕೊಳೆಯಾದ್ರೆ ಎಸೆದು ಹೊಸದು ಹಾಕಿ.

ಥಾಣೆ ಪಶ್ಚಿಮ
ಪ್ಲಗ್ ಹಾಕಿದ ಮೇಲೆ ಅಡುಗೆಮನೆಯ ಫೋನು ಕೇಳಿಸುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ಕೇಳದಿದ್ದರೆ ಒಂದೇ ಕಿವಿಗೆ ಹಾಕಿ.

ಶೆಟ್ರ ಲೆಕ್ಕ
ಮೆಡಿಕಲ್‌ನಲ್ಲಿ ಒಂದೊಂದೇ ಜೊತೆ ಕೊಡ್ತಾರೆ, ದುಬಾರಿ. ನಿಮ್ಮ ಆಫೀಸು ಫೋರ್ಟ್ ಅಲ್ವಾ, ನಾಗದೇವಿ ಸ್ಟ್ರೀಟಿನ ಸೇಫ್ಟಿ ಸಾಮಾನಿನ ಅಂಗಡಿಗಳಲ್ಲಿ ಬಾಕ್ಸ್ ಲೆಕ್ಕದಲ್ಲಿ ಸಿಗ್ತದೆ. ಭಾನುವಾರ ಬಂದ್.